ಎತ್ತಿಸುವ ಕೈ

ಪೋಂ ಪೋಂ ಎಂದು ಪಾವ್ ಮಾರುವವನ ಸೈಕಲ್ಲು ಓಣಿಯ ಆ ತುದಿಗೆ ಹೋಯಿತು, ಇನ್ನೇನು ತಿರುಗಿ ಬರುತ್ತದೆ, ಅವನಾದರೂ ತಿರುಗಿ ಬರುತ್ತಾನೆ — ತಗಡಿನ ತೂತಿನಿಂದ ಇಳಿದ ಬಿಸಿಲು ಮಂಚದ ಕಾಲು ಮುಟ್ಟಿದೆ, ಮಂಚದ ಕೆಳಗೆ ಗಂಟು, ನನ್ನ ಗಂಟು, ಬಾಗಾದ ಸಮುದ್ರದ ದಂಡೆಯ ಮೇಲೆ ನಾನು ಹೊತ್ತು ತಿರುಗಿದ್ದು, ಇವತ್ತು ಸಂಜೆ ನಾನಪ್ಪ ಬಂದು ಒಯ್ಯುತ್ತಾನಂತೆ, ಅವನೂ ಅದೇ ದಂಡೆಯಲ್ಲಿ ಮಾರುವವನು, ಅವನ ಹೆಂಡತಿ ಹೊರುತ್ತಾಳಂತೆ, ಹೊರಲಿ, ಅವಳಿಗೇನು, ಎತ್ತಿಸುವ ಗಂಡನಿದ್ದಾನೆ. ಕುಬೇರ ಬೆಳಿಗ್ಗೆ ಚಹಾ ಕುಡಿಯುತ್ತಾ ಹೇಳಿದ, ಯವ್ವಾ, ಜೀವಮಾನಪೂರ್ತಿ ಹೊತ್ತಿ, ಸಾಕು, ಇನ್ನ ಆ ಗಂಟು ಮನ್ಯಾಗ ಯಾಕ, ಅದನ್ನ ನೋಡಿದಾಗೊಮ್ಮೆ ಅಳ್ತಿ. ಒಳ್ಳೆಯ ಮಗ, ಮ್ಹಾಪಸಾದ ಮಾರುಕಟ್ಟೆಯಲ್ಲಿ ಸ್ವಂತ ಗಾಡಿ ಹಾಕಿದ್ದಾನೆ, ತಾಯಿ ಇನ್ನು ಬಿಸಿಲಿಗೆ ಹೋಗಬಾರದು ಎಂದು ಅವನ ಹಟ. ಸೊಸೆ ಮೀನಾಕ್ಷಿ ಇನ್ನೂ ಒಳ್ಳೆಯವಳು, ನಾನು ಕೊಡಕ್ಕೆ ಕೈ ಹಾಕಿದರೆ ಓಡಿ ಬರುತ್ತಾಳೆ, ಅತ್ತೀ ಇಡ್ರಿ ಕೆಳಗ, ನಾ ಇಲ್ಲೇನು, ನೀವು ಕುಂದರ್ರಿ. ಕೂತೆ. ಕಸಬರಿಗೆ ಕಸಿದುಕೊಂಡಳು, ರೊಟ್ಟಿ ಬಡಿಯುವ ಪರಾತ ಕಸಿದುಕೊಂಡಳು, ಅಕ್ಕಿ ಹಸನು ಮಾಡುವ ಮೊರವನ್ನೂ ಬಿಡಲಿಲ್ಲ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರೆ, ಹೊನ್ನಿನ ಮಾತು ಹಾಗಿರಲಿ, ನನಗೆ ಮೊಣಕಾಲೇ ಸಾಲದೆ ಹೋದವು. ಪ್ರೀತಿಗೆ ಬೈಯಲು ಬರುತ್ತದೆಯೇ, ಬರುವುದಿಲ್ಲ, ಅದಕ್ಕೇ ಸುಮ್ಮನೆ ಕೂತಿದ್ದೇನೆ.

ಕುಬೇರನ ಅಪ್ಪ, ಅವರಿದ್ದಾಗ ಯಾರು ಕೂತಿದ್ದರು, ಬೆಳಿಗ್ಗೆ ಎದ್ದು ರೊಟ್ಟಿ ಕಟ್ಟಿಕೊಂಡರೆ ಗಂಟು ಬಾಗಿಲಲ್ಲಿ ಕಾಯುತ್ತಿತ್ತು, ಕನ್ನಡಿ ಕೂಡಿಸಿದ ಚೀಲಗಳು, ಕವಡೆ ಸರ, ಲುಂಗಿ, ಹಾಸುವ ಬಟ್ಟೆ, ಎಲ್ಲ ಸೇರಿ ಒಂದು ಕರುವಿನಷ್ಟು ಭಾರ. ಹೊರುವುದಕ್ಕೆ ಒಂದು ತಲೆ ಸಾಕು, ಎತ್ತುವುದಕ್ಕೆ ಇಬ್ಬರು ಬೇಕು, ಅದು ಹೊರೆ ಹೊರುವವರಿಗೆಲ್ಲ ಗೊತ್ತು, ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ಕರೆದು ಒಂದೀಟು ಎತ್ತಸ್ರಿ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ನನಗೆ ಯಾರನ್ನೂ ಕರೆಯುವ ಪ್ರಸಂಗ ಬರಲಿಲ್ಲ. ಅವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ಗಂಟಿನ ಆ ಕಡೆಯ ಕಿವಿ ಹಿಡಿಯುತ್ತಿದ್ದರು, ನಾನು ಈ ಕಡೆಯದು, ಹೂಂ ಅನ್ನುತ್ತಿದ್ದರು, ಮೊದಲು ಮೊಣಕಾಲಿಗೆ, ಆಮೇಲೆ ಎದೆಗೆ, ಆಮೇಲೆ ಒಮ್ಮೆಲೇ ತಲೆಗೆ, ಸಿಂಬಿ ಸರಿಮಾಡಿ ಗಂಟಿನ ಮೇಲೆ ಎರಡು ಸಲ ತಟ್ಟುತ್ತಿದ್ದರು, ಟಪ್ ಟಪ್, ನಡಿ ಸೋಮಿ. ಡೋಲು ಮಾರುವ ಕೈ ಅದು, ದಂಡೆಯಲ್ಲಿ ಹೆಗಲ ತುಂಬ ಸಣ್ಣ ಡೋಲು ನೇತುಹಾಕಿಕೊಂಡು ಬಾರಿಸುತ್ತಾ ಹೋಗುವ ಕೈ, ತಟ್ಟಿದರೆ ಅದರ ಸದ್ದು ಕುತ್ತಿಗೆಯಿಂದ ಇಳಿದು ಹಿಮ್ಮಡಿಯ ತನಕ ಹೋಗಿ ಕಾಲು ತಾನಾಗಿ ಏಳುತ್ತಿತ್ತು, ಎತ್ತು ಹೊಡೆದ ಹಾಗೆ ಹೊಡೀತೀರಲ್ಲ ಎಂದು ನಾನು ಬೈದರೆ, ಎತ್ತಾಗಿದ್ರ ಇಷ್ಟ ಮಾತಾಡತಿದ್ದಿಲ್ಲ ಬಿಡು ಅನ್ನುತ್ತಿದ್ದರು. ದಂಡೆಯಲ್ಲಿ ಪರದೇಶದವರು ಬೆನ್ನಿಗೆ ಉಸುಕಿನ ಚೀಲ ಕಟ್ಟಿಕೊಂಡು ಓಡುತ್ತಿದ್ದರು, ಆರೋಗ್ಯಕ್ಕಂತೆ, ನೋಡ ಸೋಮಿ, ಪಾಪ, ಅವರಿಗೆ ಮಾರಾಕೂ ಏನಿಲ್ಲ, ಸುಮ್ನ ಹೊತ್ತಾರ ಎಂದು ಅವರು ನಕ್ಕಿದ್ದು — ನಾವೂ ಓಡಿದ್ದೇವೆ, ಪೊಲೀಸರ ಶಿಳ್ಳೆ ಕೇಳಿದರೆ ಸಾಕು, ಮಾರುವವರನ್ನು ಹಿಡಿಯಲು ಬಂದರು ಎಂದು ಗಂಟು ಸಮೇತ ತೆಂಗಿನ ಮರಗಳ ಹಿಂದೆ, ಎದೆ ಡಬಡಬ, ಬಾಯಿ ಒಣಗಿ, ಆಮೇಲೆ ಅವರು ಗಂಟು ಇಳಿಸಿಕೊಂಡು ನೀರು ಕೊಟ್ಟರೆ ಇಬ್ಬರಿಗೂ ನಗು, ಅಷ್ಟು ನಗು, ಆ ದಿನ ಉಂಡ ಖಾರದ ರೊಟ್ಟಿಯ ರುಚಿ ಮತ್ತೆಂದೂ ಸಿಕ್ಕಿಲ್ಲ, ಮಲಗಿದರೆ ಬೆಳಗಿನ ತನಕ ಒಂದೇ ನಿದ್ದೆ. ಭಾರ ಎಂದು ನಾನು ಅತ್ತದ್ದಿಲ್ಲ, ಇಳಿಸುವವರು ಇದ್ದರಲ್ಲ.

ಮಳೆಗಾಲದ ಮುಂಚೆ, ಬಸ್ ನಿಲ್ದಾಣದ ಕಟ್ಟೆಯ ಮೇಲೆ ಗಂಟು ಇಳಿಸಿಕೊಂಡರು, ತಡಿ ನೀರು ತರ್ತೀನಿ ಎಂದು ನಲ್ಲಿಯ ಕಡೆ ಹೋದರು, ಹೋದರು, ಬಾಟಲಿ ಹಿಡಿದುಕೊಂಡೇ ಅಲ್ಲಿ ಕುಸಿದರು, ನಾನು ಗಂಟು ಬಿಟ್ಟು ಓಡಿದೆ, ನಲ್ಲಿಯ ನೀರು ಇನ್ನೂ ಸುರಿಯುತ್ತಿತ್ತು — ಬೇಡ, ಅದು ಬೇಡ. ಗಂಟನ್ನು ಯಾರೋ ರಿಕ್ಷಾದಲ್ಲಿ ಹಾಕಿ ಮನೆಗೆ ತಂದರು, ಮಂಚದ ಕೆಳಗೆ ತಳ್ಳಿದರು, ಅಲ್ಲಿಂದ ಇವತ್ತಿನ ತನಕ ಅದು ತಲೆ ಏರಿಲ್ಲ. ಕೊನೆಗೆ ಇಳಿಸಿದ ಕೈ ಅವರದು. ಆಮೇಲೆ ಎಲ್ಲರೂ ಕುಂದ್ರು ಕುಂದ್ರು, ಕೂತಲ್ಲೇ ಕಾಲು ಬಾತವು, ಎದ್ದರೆ ತಲೆ ತಿರುಗಿತು, ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಎಲುಬು ಬಿರುಕು ಬಿಟ್ಟಿತು, ಉಸುಕಿನಲ್ಲಿ ಎಷ್ಟೋ ಸಲ ಬಿದ್ದು ಎದ್ದವಳು ನಾನು, ಒಂದು ತಂಬಿಗೆ ನೀರಿನಲ್ಲಿ ಬಿದ್ದೆ. ಡಾಕ್ಟರಮ್ಮ ಹುಬ್ಬಳ್ಳಿಯಲ್ಲಿ ಓದಿದವರಂತೆ, ಕನ್ನಡ ಬರುತ್ತದೆ, ಪಟ್ಟಿ ಬಿಚ್ಚುತ್ತಾ ಕೇಳಿದರು, ಮೊದ್ಲ ಏನ್ ಕೆಲಸ ಮಾಡ್ತಿದ್ರಿ ಅಜ್ಜಿ. ಗಂಟು ಹೊರ್ತಿದ್ನಿರಿ. ಈಗ? ಈಗ ಏನಿಲ್ರಿ, ಕುಂದರ್ತೀನಿ. ಅವರು ಕುಬೇರನ ಮುಖ ನೋಡಿದರು, ಎಲುಬಿಗೂ ಕೆಲಸ ಬೇಕಪ್ಪಾ, ಮ್ಯಾಲೆ ಭಾರ ಬಿದ್ರ ತನ್ನನ್ನ ತಾನ ಗಟ್ಟಿ ಮಾಡ್ಕೋತದ, ಏನೂ ಬೀಳಲಿಲ್ಲಂದ್ರ ಸವೀತದ, ಮನಸೂ ಹಂಗ, ಭಾಳ ಹೇರಿದ್ರೂ ಮುರೀತದ, ಏನೂ ಹೇರದಿದ್ರೂ ಮುರೀತದ, ಕೈ ಕೂಡಿದ ಮ್ಯಾಲೆ ಒಂದೀಟು ಹೊರಬೇಕು, ಇಳಿಸಬೇಕು, ಉಂಡು ಮಲಗಬೇಕು, ಹಿಂಗ ಕುಂತ್ರ ಒಂದಿನ ಏಳೋದ ಇಲ್ಲ. ಕುಬೇರ ತಲೆ ಆಡಿಸಿದ, ಹೊರಗೆ ಬಂದು, ಅವರಿಗೇನ್ ಗೊತ್ತು ನಮ್ಮ ಕಷ್ಟ ಅಂದ. ಅವನ ಕಣ್ಣಲ್ಲಿ ನೀರಿತ್ತು, ಅಪ್ಪನಂತೆ ಇವಳೂ ದಾರಿಯಲ್ಲಿ ಬಿದ್ದಾಳು ಎಂಬ ಹೆದರಿಕೆ, ಅದು ನನಗೆ ಗೊತ್ತಿಲ್ಲವೇ. ಆದರೆ ಏಳುವುದೇ ಇಲ್ಲ ಅಂದರಲ್ಲ, ಆ ಮಾತು ನನ್ನೊಳಗೆ ಹೋಗಿ ಕೂತಿತು, ನಾನು ಹೀಗೆ ಸಾಯಲಾರೆ, ಮಂಚದ ಮೇಲೆ, ಯಾರೋ ಬಾಯಿಗೆ ಗಂಜಿ ಹಿಡಿದು, ನಾನು ಸೋಮಿಬಾಯಿ, ಹೀರಪ್ಪನ ಹೆಂಡತಿ, ಮಧ್ಯಾಹ್ನದ ಉಸುಕಿನಲ್ಲಿ ನಡೆದವಳು.

ಕೈ ಕೂಡಿ ತಿಂಗಳ ಮೇಲಾಯಿತು, ಇವತ್ತು ಮೀನಾಕ್ಷಿಯೂ ಗಾಡಿಯ ಕಡೆ ಹೋದಳು, ಮನೆಯಲ್ಲಿ ಯಾರಿಲ್ಲ, ಮಂಚದ ಕೆಳಗೆ ಕೈ ಹಾಕಿದರೆ ಧೂಳು, ಜಗ್ಗಿದೆ, ಬಂತು, ಅರ್ಧ ಸಾಮಾನು ತೆಗೆದು ಮೂಲೆಗಿಟ್ಟೆ, ಅರ್ಧಕ್ಕೆ ಮತ್ತೆ ಗಂಟು ಹಾಕಿದೆ, ಸಿಂಬಿ ಅದರೊಳಗೇ ಇತ್ತು, ಅವರ ಹಳೆಯ ರುಮಾಲು ಸುತ್ತಿ ಮಾಡಿದ್ದು, ಮೂಗಿಗೆ ಹಿಡಿದರೆ ಬರೀ ಧೂಳಿನ ವಾಸನೆ, ಅವರದು ಹೋಗಿಬಿಟ್ಟಿದೆ. ಬಾಗಿಲ ತನಕ ಎಳೆದು ಕುಕ್ಕರಗಾಲಲ್ಲಿ ಕೂತೆ, ಈ ಕಡೆಯ ಕಿವಿ ಹಿಡಿದೆ, ಆ ಕಡೆ ಹೊಸ್ತಿಲು, ಬಿಸಿಲು, ಒಂದು ಬೆಕ್ಕು. ಒಬ್ಬಳೇ ಎತ್ತಿದೆ, ಮೊಣಕಾಲಿಗೆ ಬಂತು, ಮೇಲೆ ಬರಲಿಲ್ಲ, ಮತ್ತೆ ಎತ್ತಿದೆ, ಬರಲಿಲ್ಲ. ಪಕ್ಕದ ಮನೆಯ ಜೈನಬ ಬಂದಳು, ಯಾ ಅಲ್ಲಾ, ಅಕ್ಕಾರ ಏನ್ ಮಾಡಾಕತ್ತೀರಿ, ಕುಬೇರಣ್ಣ ನನಗ ಬೈತಾನ. ಬೈಯಲಿ, ಎತ್ತಸವಾ ಒಂದೀಟು, ಓಣಿ ತುದಿತನಕ ಹೋಗಿ ಬರ್ತೀನಿ, ಸಂಜಿಗೆ ನಾನಪ್ಪ ಬಂದ್ರ ಕೊಡೂದಿಲ್ಲ ಅನ್ನಾಕ ನನ್ನ ಕಾಲ ಮ್ಯಾಲೆ ನಾ ನಿಂತಿರಬೇಕವಾ. ಅವಳು ನನ್ನ ಮುಖ ನೋಡಿದಳು, ದುಪಟ್ಟಾ ಸೊಂಟಕ್ಕೆ ಕಟ್ಟಿದಳು, ಅವರ ಜಾಗದಲ್ಲಿ ಕೂತಳು, ಆ ಕಡೆಯ ಕಿವಿ ಅವಳ ಕೈಯಲ್ಲಿ, ಬಳೆಯ ಕೈ, ಬೇಡ ಅನ್ನಬೇಕೆನಿಸಿತು, ಅವರು ಇಳಿಸಿದ್ದು ಇಳಿಸಿದಂತೆಯೇ ಇರಲಿ ಅನ್ನಿಸಿತು, ಅಷ್ಟರಲ್ಲಿ ಎದೆಗೆ ಬಂತು, ತಲೆಗೆ ಬಂತು.

ನಿಂತೆ. ಮೊಣಕಾಲು ತಡೆದುಕೊಂಡವು, ಬೆನ್ನು ತಾನಾಗಿ ನೆಟ್ಟಗಾಯಿತು, ಕುತ್ತಿಗೆ ಭಾರವನ್ನು ಗುರುತು ಹಿಡಿಯಿತು, ಇಷ್ಟು ದಿನ ಎಲ್ಲಿದ್ದಿಯೇ ಎಂದು ಕೇಳಿದ ಹಾಗೆ, ಉಸಿರು ಹೊಟ್ಟೆಯ ತಳದಿಂದ ಬಂತು, ಡಾಕ್ಟರಮ್ಮ ಹೇಳಿದ್ದು ಖರೇ, ನಾನು ಮುರಿದಿಲ್ಲ, ನಡೆಯಬಲ್ಲೆ. ಪಾವಿನವನು ತಿರುಗಿ ಬರುತ್ತಿದ್ದಾನೆ, ಪೋಂ ಪೋಂ, ಹತ್ತಿರ ಬಂತು, ದಾಟಿ ಹೋಯಿತು. ನಡೀರಿ ಅಕ್ಕಾರ, ಯಾಕ ನಿಂತ್ರಿ, ಭಾರ ಆತೇನ್ರಿ, ಇಳಸ್ಲೇನು. ಭಾರ ಅಲ್ಲವಾ ಜೈನಬ, ಭಾರ ಅಲ್ಲ, ಕಾಲು ಅವರ ಕೈಗೆ ಕಾಯುತ್ತಿದೆ, ಹೇಳಿದರೆ ಇವಳು ತಟ್ಟಿಯಾಳು, ಹೇಳಲಾರೆ, ಕಣ್ಣೀರು ಇಳಿಯುತ್ತಿದೆ, ಒರೆಸಲು ಕೈ ಬಿಡುವಿಲ್ಲ, ಇನ್ನೊಂದು ಗಳಿಗೆ, ಗಂಟಿನ ಮೇಲೆ, ಎರಡು ಸಲ, ಟಪ್ ಟಪ್, ಅಷ್ಟೇ, ಆಮೇಲೆ ನಡೆಯುತ್ತೇನೆ, ಡೋಲಿನ ಕೈ, ಗಂಟಿನ ಮೇಲೆ ಆ ಕೈ, ಎತ್ತಿದ ಆ ಕೈ —