ಅಪ್ಪ ಕೂರಿಸಿದ ಓರೆಪಟ್ಟಿ

ಜೌಗು ನೆಲದ ಬಂಜರ್‌ಮಾಸಿನ್ ಊರಿನ ಸಿಯಹ್ರಾನಿಗೆ ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮರೆವಿನ ಕಾಯಿಲೆಯ ಅಪ್ಪ ಮತ್ತೆ ಲಾರಿ ಓಡಾಡುವ ರಸ್ತೆಗೆ ಇಳಿದಿದ್ದರು. ಈ ಜೌಗಿನಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಅವನು ನೀರಿಗೂ ಕೊಳೆಯದ ಗಟ್ಟಿ ಉಲಿನ್ ಮರ ತಂದು, ಮನೆಯಂಗಳಕ್ಕೆ ಕಾರು ಬರುವ ದಾರಿಗೆ ತಾನೇ ಗೇಟು ಮಾಡತೊಡಗಿದ. ಗೇಟಿನ ಮೂಲೆಯಿಂದ ಮೂಲೆಗೆ ಓರೆಪಟ್ಟಿ ಕೂರಿಸುವಾಗ, ಹಿಂದೆ ಬಡಗಿಯಾಗಿದ್ದ ಅಪ್ಪ ಪಕ್ಕದಲ್ಲಿ ಬಂದು ಕೂತರು.

"ಓರೆಪಟ್ಟಿ ಉಲ್ಟಾ ಹಾಕ್ತಿದ್ದೀಯಲ್ಲೋ. ಅದರ ಬುಡ ಕೀಲಿನ ಕಡೆ ಇರ್ಬೇಕು. ಇಲ್ದಿದ್ರೆ ಗೇಟು ಜೋತುಬೀಳುತ್ತೆ."

ಸಿಯಹ್ರಾನಿ ಉಳಿಯನ್ನು ಅವರಿಗೇ ಕೊಟ್ಟ. ಅಪ್ಪ ಅಳತೆ ತಪ್ಪದೆ ಪಟ್ಟಿ ಕೂರಿಸಿದರು.

"ಯಾರ ಮನೆಗೋ ಇದು?"

"ನಮ್ಮನೆಗೇ ಅಪ್ಪ."

ಅಪ್ಪ ರಸ್ತೆಯತ್ತ ನೋಡಿದರು. "ಹಾಗಾದ್ರೆ ಚಿಲಕ ಹೊರಗಡೆ ಹಾಕು. ಒಳಗಿದ್ರೆ ನಾನು ತೆಗೆದುಬಿಡ್ತೀನಿ."

ಸಿಯಹ್ರಾನಿ ಹಾಗೇ ಮಾಡಿದ. ಆಮೇಲೆ ಸಂಜೆಯವರೆಗೂ ಆ ಚಿಲಕವನ್ನು ಹಾಕುತ್ತ ತೆಗೆಯುತ್ತ ಗೇಟಿನ ಬಳಿಯೇ ಸುಳಿದಾಡುತ್ತಿದ್ದ.