ಟೈಲರ್ ಮಾವ ಹೊಲಿದ ಗವಸು

‘ಸೂರ್ಯ ಕೊಟ್ಟರೂ ಟೈಲರ್ ಬಿಡ’ ಎಂಬ ಗಾದೆ ಕೇಳಿದ್ದೀರಾ? ಇಲ್ಲವೇ? ಹಾಗಾದರೆ ನಮ್ಮ ಬೀದಿಯ ಈ ಸತ್ಯ ಕಥೆ ಕೇಳಿ.

ನಮ್ಮ ಟೈಲರ್ ಮಾವನಿಗೆ ಹೊಸ ಸಾಮಾನು ಕಂಡರೆ ಗವಸು ಹೊಲಿಯುವ ಹುಚ್ಚು. ಮಿಕ್ಸಿಗೊಂದು, ರೇಡಿಯೋಗೊಂದು, ಟಿವಿ ರಿಮೋಟಿಗೂ ಗುಂಡಿ ಸಮೇತ ಒಂದು. ಆದರೆ ಮಂಡಿ ಸವೆದಿತ್ತು. “ಇನ್ನು ಮಿಷನ್ ತುಳಿದ್ರೆ ನಡೆಯೋದೇ ಕಷ್ಟ” ಎಂದರು ಡಾಕ್ಟರು. ಮೋಟರ್ ಹಾಕಿಸೋಣವೆಂದರೆ ಹಗಲೆಲ್ಲ ಕರೆಂಟಿಲ್ಲ. ಸೋಲಾರ್ ಕೆಲಸ ಕಲಿತಿದ್ದ, ಮಾವನ ಅಕ್ಕನ ಮಗಳು ಬಂದು ಮಾಳಿಗೆಯ ಮೇಲೆ ಪ್ಯಾನೆಲ್, ಒಳಗೆ ಬ್ಯಾಟರಿ, ಮಿಷನ್ನಿಗೆ ಮೋಟರ್ ಕೂರಿಸಿ ಹೋದಳು.

ಒಂದು ದಿನ ಮೋಟರ್ ಓಡಿತು. ಎರಡನೇ ದಿನ ಗಪ್‌ಚಿಪ್. ಶಾಲೆ ತೆರೆಯಲು ಮೂರೇ ದಿನ. ಮೂಲೆಯಲ್ಲಿ ಸಮವಸ್ತ್ರದ ಬಟ್ಟೆಯ ರಾಶಿ. ಮಾವ ಹಲ್ಲು ಕಚ್ಚಿ ಮತ್ತೆ ತುಳಿದರು. ಸಂಜೆಗೆ ಮಂಡಿ ಕುಂಬಳಕಾಯಿ.

ಮರುದಿನ ಹುಡುಗಿ ಓಡಿಬಂದಳು.

“ನೋಡೇ, ನಿನ್ನ ಪ್ಯಾನೆಲ್ ಮಕಾಡೆ ಮಲಗ್ತು! ಬಿಸಿಲಿಂದ ಕರೆಂಟು ಅನ್ನೋದೆಲ್ಲ ಬೊಗಳೆ.”

“ಸುಮ್ನಿರ್ರೀ, ಅವಳು ನೋಡ್ಲಿ” ಎಂದರು ಅತ್ತೆ.

ಮಾಳಿಗೆ ಹತ್ತಿದವಳು ಕೈ ಬೆನ್ನ ಹಿಂದಿಟ್ಟುಕೊಂಡು ಇಳಿದಳು. “ಮಾವ, ಸ್ವಲ್ಪ ಸೂಜಿಗೆ ದಾರ ಪೋಣಿಸಿ.”

ಮಾವ ಬಗ್ಗಿದ್ದೇ ತಡ, ತಲೆಯ ಮೇಲೆ ಏನೋ ದೊಪ್ಪನೆ ಬಿತ್ತು. ಲೋಕವೇ ಕತ್ತಲು.

“ಏಯ್! ಏನೂ ಕಾಣ್ತಿಲ್ಲ, ಹೇಗೆ ಪೋಣಿಸ್ಲಿ?”

ಹುಡುಗಿ ಥೇಟ್ ಮಾವನ ಗೊಗ್ಗರು ದನಿಯಲ್ಲಿ, “ಬಿಸಿಲಿಗೆ ಬಣ್ಣ ಮಾಸುತ್ತೆ ಕಣಮ್ಮ! ಸಾಮಾನು ಬಾಳಿಕೆ ಬರ್ಬೇಕು!” ಎಂದಳು.

ಮಾವ ಬಟ್ಟೆ ತಡವಿದರು. ದಪ್ಪ ಕ್ಯಾನ್ವಾಸ್, ಜೋಡಿ ಹೊಲಿಗೆ. ಪ್ಯಾನೆಲ್ ಬಂದ ಸಂಜೆಯೇ ತಾವು ಹೊಲಿದು ಹೊದಿಸಿದ ಗವಸು!

“ಮತ್ತೆ ಒಂದು ದಿನ ಓಡ್ತಲ್ಲೇ?” ದನಿ ತಗ್ಗಿತ್ತು.

“ಅದು ಬ್ಯಾಟರೀಲಿ ತುಂಬಿಟ್ಟಿದ್ದು ಮಾವ. ಪ್ಯಾನೆಲ್ಲಿಗೆ ಬೇಕಾದ್ದು ಬಿಸಿ ಅಲ್ಲ, ಬೆಳಕು. ಬೆಳಕು ಬಿದ್ರೆ ಗಾಜಿನ ಕೆಳಗಿರೋ ಸಿಲಿಕಾನ್ ಬಿಲ್ಲೆಗಳಲ್ಲಿ ಕಣ್ಣಿಗೆ ಕಾಣದ ಕಣಗಳು ಎದ್ದು ಓಡ್ತವೆ. ಆ ಓಟಾನೇ ಕರೆಂಟು. ನಾನು ಕೆಲಸ ಮಾಡೋ ದೊಡ್ಡ ಸೋಲಾರ್ ಸ್ಥಾವರದಲ್ಲೂ ಇದೇ ಲೆಕ್ಕ. ಅಲ್ಲಿ ಸಾವಿರಾರು ಪ್ಯಾನೆಲ್, ಅಷ್ಟೆ. ಮೋಡ ಕವಿದ್ರೂ ಒಂದಿಷ್ಟು ಬರುತ್ತೆ. ನಿಮ್ಮ ಗವಸು ಕವಿದ್ರೆ ಮಾತ್ರ ಸೊನ್ನೆ!”

“ಮಳೆ ಬಂದ್ರೆ?”

“ಮಳೆ, ಬಿಸಿಲು ತಡ್ಕೊಳ್ಳೋಕೇ ಆ ಗಟ್ಟಿ ಗಾಜು.”

ಮಧ್ಯಾಹ್ನಕ್ಕೆ ಮೋಟರ್ ಗುಂಯ್‌ಗುಟ್ಟಿತು. ಶಾಲೆಯ ಗಂಟೆ ಬಾರಿಸುವ ಮೊದಲೇ ಸಮವಸ್ತ್ರ ಸಿದ್ಧ. ಮಂಡಿಯೂ ಮೆಲ್ಲಗೆ ಮಂಡಿಯ ಗಾತ್ರಕ್ಕೆ ಇಳಿಯಿತು.

ಓದುಗರೇ, ನಿಮ್ಮ ಪ್ಯಾನೆಲ್ಲಿಗೆ ಮುಸುಕು ಬೇಡ. ಮರದ ನೆರಳು ಬೀಳದಂತೆ ನೋಡಿ. ಧೂಳು ಕೂತರೆ ಬೆಳಗಿನ ತಂಪಿನಲ್ಲಿ ಮೆತ್ತನೆ ಒದ್ದೆ ಬಟ್ಟೆಯಿಂದ ಒರೆಸಿ. ನಂಬಿಕೆ ಬರದಿದ್ದರೆ ಟೈಲರ್ ಮಾವನ ಅಂಗಡಿಗೆ ಬನ್ನಿ. ಗವಸು ಹೊದ್ದು, ಕತ್ತಲಲ್ಲಿ ದಾರ ಪೋಣಿಸಲು ತಡಕಾಡಿ ತೋರಿಸುವವರು ಈಗ ಅವರೇ. ಎಲ್ಲರಿಗಿಂತ ಜೋರಾಗಿ ನಗುವವರೂ ಅವರೇ.