ಜನವರಿಯ ಹಲಸಿನ ಹಪ್ಪಳ

ನನ್ನ ಮಗಳು ಸುಪ್ರಿಯಾ ಎಂ.ಎಸ್.ಡಬ್ಲ್ಯು. ಮುಗಿಸಿ ಪಕ್ಕದೂರು ಸಂಸೆಯ ಒಂದು ಸಂಸ್ಥೆಗೆ ಸೇರಿದಾಗ, ಜನಸೇವೆಯೂ ಒಂದು ಉದ್ಯೋಗವೇ ಎಂದು ರೇಗಿದ್ದೆ. ಕಳಸದಲ್ಲಿ ದಿನಸಿ ಅಂಗಡಿ ಇಟ್ಟವನಿಗೆ ಇನ್ನೇನು ಹೊಳೆಯಬೇಕು? ಅವಳು ಹಟಮಾರಿ. ತೋಟದ ಕೂಲಿಗೆ ಹೋಗುವ ಗಿಡ್ಡಮ್ಮನನ್ನೂ ಅವಳ ಜೊತೆಯ ಹೆಂಗಸರನ್ನೂ ಕೂಡಿಸಿ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡಿಸಿದಳು. ಕುದುರೆಮುಖದ ಕಾಲೊನಿಯಲ್ಲಿ ಚೆನ್ನಾಗಿ ಖರ್ಚಾಯಿತು. ಈ ಗುಂಪು ಉಳಿದರೆ ತನ್ನ ಓದು ಸಾರ್ಥಕ ಎನ್ನುತ್ತಿದ್ದಳು. ನಾನೂ ಬಾಯಿ ಮುಚ್ಚಿಕೊಂಡು ಅಂಗಡಿಯಲ್ಲಿ ಹಪ್ಪಳ ಇಟ್ಟೆ.

ಸಂಸ್ಥೆಗೆ ಹಣ ಕೊಡುವ ದೆಹಲಿಯವರು ನೋಡಲು ಬಂದದ್ದು ಮಾತ್ರ ಜನವರಿಯಲ್ಲಿ. ಕಾಫಿ ಕುಯ್ಲಿನ ಭರಾಟೆ; ಮರದಲ್ಲಿ ಒಂದು ಹಲಸಿಲ್ಲ. ಸಂಸ್ಥೆಯ ಕಾರ್ಯದರ್ಶಿಗೆ ಅದೆಲ್ಲ ಬೇಡ, ಹೆಂಗಸರು ಹಪ್ಪಳ ಒತ್ತುತ್ತಿರಬೇಕು, ಅಷ್ಟೆ. ಕುಯ್ಲಿನ ನಡುವೆ ತಮಗೆ ಹಂಚಿದ ಗಿಡದ ಸಾಲು ಬಿಟ್ಟು ಬಂದರೆ ತೋಟದ ಹಾಜರಿ ಬರೆಯುವ ರೈಟರ್ ಮತ್ತೆ ಸೇರಿಸುವುದಿಲ್ಲ ಎಂದು ಗಿಡ್ಡಮ್ಮ ಹೇಳಿದಳು. ನಾನು ಮಾತಾಡುತ್ತೇನೆ ಬನ್ನಿ ಎಂದಳು ಸುಪ್ರಿಯಾ. ಅಕ್ಕಿ ಹಿಟ್ಟಿಗೆ ಅರಿಶಿನ ಕಲಸಿ ಹಪ್ಪಳ ಒತ್ತಿಸಿದಳು. ಬಂದವರು ಫೋಟೊ ತೆಗೆದುಕೊಂಡು ಸಂತೋಷವಾಗಿ ಹೊರಟರು.

ಮಾರನೆಯ ದಿನ ಇವರ ಸಾಲುಗಳಲ್ಲಿ ಹೊರಗಿನ ಆಳುಗಳಿದ್ದರು. ಸುಪ್ರಿಯಾ ರೈಟರ್ ತಮ್ಮಯ್ಯನ ಹತ್ತಿರ ಹೋಗಿ ಅಂಗಲಾಚಿದಳು. ಅವನು ಕಾಫಿ ಕೊಟ್ಟು, ಮುಂದಿನ ವರ್ಷ ನೋಡೋಣ ಎಂದು ಕಳಿಸಿದ. ಕೈತುಂಬ ಕೂಲಿ ಸಿಗುವ ಕಾಲದಲ್ಲಿ ಆ ಹೆಂಗಸರು ಸೌದೆ ಆಯ್ದರು. ಬೇಸಿಗೆಯಲ್ಲಿ ಹಲಸು ಬಂತು, ಹಪ್ಪಳಕ್ಕೆ ಒಬ್ಬರೂ ಬರಲಿಲ್ಲ.

ಸಂಸ್ಥೆಗೆ ಹಣ ಮಂಜೂರಾಯಿತು. ಸುಪ್ರಿಯಾಗೆ ಬಡ್ತಿ ಸಿಕ್ಕಿ ಚಿಕ್ಕಮಗಳೂರಿಗೆ ವರ್ಗವಾಯಿತು. ಸಮಾಜಸೇವೆಯನ್ನೇ ವೃತ್ತಿ ಮಾಡಿಕೊಳ್ಳುವುದು ಹೇಗೆಂದು ಹೇಳಲು ಯಾವುದೋ ಕಾಲೇಜಿನವರು ಕರೆದರು. ಆ ಫೋಟೊಗಳನ್ನೇ ವಿದ್ಯಾರ್ಥಿಗಳಿಗೆ ತೋರಿಸಿ ಚಪ್ಪಾಳೆ ಗಿಟ್ಟಿಸಿ ಬಂದಳು. ನನಗೆ ಹೇಸಿಗೆಯಾಯಿತು.

ಅವಳು ಊರು ಬಿಡುವ ದಿನ ಗಿಡ್ಡಮ್ಮ, ಪಿಯುಸಿ ಪಾಸಾದ ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಬಯ್ಯಲು ಬಂದಳೆಂದುಕೊಂಡೆ. ಬಯ್ದಿದ್ದರೆ ಚೆನ್ನಾಗಿತ್ತು.

“ಅಕ್ಕಾ, ಇವ್ಳಿಗೂ ನಿಮ್ಮ ಕೆಲ್ಸನೇ ಕಲ್ಸಿ,” ಎಂದಳು ನನ್ನ ಪಕ್ಕ ನಿಂತಿದ್ದ ಸುಪ್ರಿಯಾಗೆ. “ಇದ್ರಲ್ಲಿ ತಪ್ಪು ಮಾಡಿದ್ರೂ, ಕೆಲ್ಸ ಹೋಗೋದು ಬೇರೆಯವ್ರದ್ದು.”

ಅವಳ ದನಿಯಲ್ಲಿ ಕುಹಕವೇನೂ ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.